ರೋಗಿಯ ಗುಟ್ಟು, ಆಸ್ಪತ್ರೆಯ ಗುಟ್ಟು

ಕೆಲವು ವರ್ಷಗಳ ಹಿಂದೆ ಸಂಬಂಧಿಕರೊಬ್ಬರ ಹೆರಿಗೆಗೆಂದು ಹೋಗಿ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ದಿನ ಕಳೆದಿದ್ದೆ. ಎರಡನೇ ದಿನ ಬೆಳಿಗ್ಗೆ ಹೊರರೋಗಿಗಳ ಸಾಲು ಬಾಗಿಲು ದಾಟಿ ಅಂಗಳಕ್ಕೆ ಇಳಿದಿತ್ತು. ಲ್ಯಾಬಿನ ಕಿಟಕಿಯಿಂದ ಒಂದು ದನಿ ಬಂತು: "ಎಚ್‌ಐವಿ ರಿಪೋರ್ಟ್ ಯಾರದ್ದಮ್ಮಾ? ಬೇಗ ಬನ್ನಿ, ಬಾಗಿಲು ಹಾಕ್ತೀವಿ." ಮೂವತ್ತು ನಲವತ್ತು ತಲೆಗಳು ಒಟ್ಟಿಗೆ ತಿರುಗಿದವು. ಬಸುರಿ ಹೆಂಗಸೊಬ್ಬಳು ಬೆಂಚಿನಿಂದ ಎದ್ದಳು. ನಾಲ್ಕು ಹೆಜ್ಜೆ ಇಟ್ಟವಳು ಅದೇನನ್ನಿಸಿತೋ, ಕಿಟಕಿಯತ್ತ ಹೋಗದೆ ನೇರ ಗೇಟಿನ ಕಡೆ ನಡೆದುಬಿಟ್ಟಳು. ಬಸುರಿಯರಿಗೆಲ್ಲ ಆ ಪರೀಕ್ಷೆ ಮಾಡುವುದು ವಾಡಿಕೆ. ರಿಪೋರ್ಟಿನಲ್ಲಿ ನೆಗೆಟಿವ್ ಎಂದೇ ಇದ್ದಿರಬಹುದು. ಆದರೆ ಸಾಲಿನಲ್ಲಿ ನಿಂತವರಿಗೆ ಅಷ್ಟು ಕೇಳಿದ್ದೇ ಸಾಕಾಗಿತ್ತು.

ಅದೇ ದಿನ ಮಧ್ಯಾಹ್ನ ಆಫೀಸಿನ ಗುಮಾಸ್ತರೊಬ್ಬರ ಜತೆ ಹರಟುತ್ತಿದ್ದಾಗ, ಇಲ್ಲಿ ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತವೆ, ಅದರಲ್ಲಿ ಸಿಸೇರಿಯನ್ ಎಷ್ಟು, ಹೋದ ವರ್ಷ ಬಾಣಂತಿಯರು ಯಾರಾದರೂ ತೀರಿಕೊಂಡಿದ್ದರೇ ಎಂದು ಕೇಳಿದೆ. ಅಲ್ಲಿಯವರೆಗೆ ನಗುತ್ತಿದ್ದ ಮನುಷ್ಯ ಗಂಭೀರವಾದರು. "ಅದೆಲ್ಲ ಕಾನ್ಫಿಡೆನ್ಷಿಯಲ್ ಸಾರ್. ಡಿಎಚ್‌ಒ ಆಫೀಸಲ್ಲೇ ಕೇಳ್ಬೇಕು." ಡಿಎಚ್‌ಒ ಎಂದರೆ ಜಿಲ್ಲಾ ಆರೋಗ್ಯಾಧಿಕಾರಿ.

ಒಬ್ಬ ಹೆಂಗಸಿನ ರಕ್ತದ ಸುದ್ದಿ ಕಾರಿಡಾರಿಗೆಲ್ಲ ಕೇಳಿಸಿತು. ಇಡೀ ಆಸ್ಪತ್ರೆಯ ಲೆಕ್ಕ ಬೀರುವಿನಲ್ಲೇ ಉಳಿಯಿತು. ಕಾನೂನು ಹೇಳುವುದು ಇದಕ್ಕೆ ತೀರಾ ತಿರುವುಮುರುವು.

ಗೋಪ್ಯ ಎನ್ನುವ ಒಂದೇ ಮಾತಿನ ಅಡಿ ಎರಡು ಬೇರೆಬೇರೆ ಗುಟ್ಟುಗಳು ಕೂತಿವೆ. ಒಂದು ರೋಗಿಯದು: ಕಾಯಿಲೆ ಏನು, ಯಾವ ಔಷಧ ನಡೆದಿದೆ, ಗರ್ಭ ತೆಗೆಸಿಕೊಂಡಳೇ ಇಲ್ಲವೇ. ಇದಕ್ಕೆ ಒಡೆಯರು ರೋಗಿಯೇ, ಆಸ್ಪತ್ರೆ ಬರೀ ಕಾವಲು. ಇನ್ನೊಂದು ಆಸ್ಪತ್ರೆಯದು: ಯಾವ ಕಂಪನಿಯ ಔಷಧ ತರಿಸಿದರು, ಯಾವ ಯಂತ್ರ ಕೆಟ್ಟು ಎಷ್ಟು ತಿಂಗಳಾಯಿತು, ರಾತ್ರಿ ಪಾಳಿಯಲ್ಲಿ ಅರಿವಳಿಕೆ ವೈದ್ಯರಿದ್ದರೇ, ಎಷ್ಟು ಜನ ಸತ್ತರು, ಯಾಕೆ. ನಡೆಯುವುದೆಲ್ಲ ಊರಿನ ದುಡ್ಡಿನಲ್ಲಾದ್ದರಿಂದ ಇದಕ್ಕೆ ಒಡೆಯರು ಊರವರು.

ಮೊದಲನೆಯದನ್ನು ಕಾಯಲು ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲವು ಗೊತ್ತುಪಡಿಸಿದ ಸಂದರ್ಭ ಬಿಟ್ಟರೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ಎಚ್‌ಐವಿ ಸ್ಥಿತಿಯನ್ನು ಯಾರೂ ಬಾಯಿಬಿಡುವಂತಿಲ್ಲ. ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಂಗಸಿನ ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಎರಡನೆಯದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಅದರ 4ನೇ ಕಲಂ ಹೇಳುವುದು ಸರಳ: ಜನ ಕೇಳುವವರೆಗೆ ಕಾಯಬೇಡಿ, ನಿಮ್ಮ ಕೆಲಸದ ವಿವರವನ್ನು ನೀವಾಗಿಯೇ ಪ್ರಕಟಿಸಿ. ಅಂದರೆ ಗುಮಾಸ್ತರು ನನಗೆ ಕೊಡದ ಆ ಅಂಕಿಗಳು ಗೋಡೆಯ ಮೇಲೇ ಇರಬಹುದಿತ್ತು.

ತಿರುವುಮುರುವು ಹೇಗಾಗುತ್ತದೆ ಎನ್ನುವುದನ್ನು ಇಡೀ ರಾಜ್ಯವೇ ಒಮ್ಮೆ ಕಣ್ಣಾರೆ ಕಂಡಿದೆ. 2020ರ ಮಾರ್ಚ್‌ನಲ್ಲಿ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು. ಹೊರದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಬಿತ್ತು, ಮನೆಬಾಗಿಲಿಗೆ ಪೋಸ್ಟರ್ ಅಂಟಿತು. ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ವಾರಂಟೈನಿನಲ್ಲಿದ್ದ ಸಾವಿರಾರು ಜನರ ಮನೆ ವಿಳಾಸದ ಪಟ್ಟಿಯನ್ನೇ ಆನ್‌ಲೈನಿನಲ್ಲಿ ಹಾಕಿತು. ಪ್ರತಿದಿನದ ಬುಲೆಟಿನ್ನಿನಲ್ಲಿ ರೋಗಿಗಳ ಹೆಸರು ಇರುತ್ತಿರಲಿಲ್ಲ, ಪಿ-ನಂಬರ್, ಅಂದರೆ ಪೇಷಂಟ್ ನಂಬರ್, ಇರುತ್ತಿತ್ತು. ಅದರ ಪಕ್ಕದಲ್ಲಿ ವಯಸ್ಸು, ಗಂಡೋ ಹೆಣ್ಣೋ, ಊರು, ಎಲ್ಲಿಗೆ ಹೋಗಿ ಬಂದಿದ್ದರು ಎಂಬ ವಿವರ. ಬೆಂಗಳೂರಿನಲ್ಲಿ ಇದು ನಡೆದೀತು. ಮೂರು ಸಾವಿರ ಜನರ ಊರಿನಲ್ಲಿ ದುಬೈಯಿಂದ ಬಂದ ಮೂವತ್ತನಾಲ್ಕರ ಗಂಡಸು ಯಾರು ಎಂದು ಹೇಳಲು ಹೆಸರು ಯಾಕೆ ಬೇಕು? ಹೆಸರು ಅಳಿಸಿದರೆ ಗುರುತೂ ಅಳಿಯುತ್ತದೆ ಎನ್ನುವುದು ಕಚೇರಿಯಲ್ಲಿ ಕೂತವರ ನಂಬಿಕೆ. ಪೋಸ್ಟರ್ ಅಂಟಿಸುವುದನ್ನು ಸುಪ್ರೀಂ ಕೋರ್ಟು ತಡೆದಿದ್ದು 2020ರ ಡಿಸೆಂಬರ್ 9ರಂದು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರವಿದ್ದವರು ಒಂದು ನಿರ್ದಿಷ್ಟ ಪ್ರಕರಣದಲ್ಲಿ ಆದೇಶ ಮಾಡಿದರೆ ಮಾತ್ರ ಅಂಟಿಸಬಹುದು ಎಂದಿತು. ಅಷ್ಟು ಹೊತ್ತಿಗೆ ಮೊದಲ ಅಲೆಯೇ ಇಳಿದಿತ್ತು.

ಇಲ್ಲಿ ಮಾನದ ಪ್ರಶ್ನೆಯಷ್ಟೇ ಇದೆ ಎಂದುಕೊಳ್ಳಬೇಡಿ. ಗುಟ್ಟು ಉಳಿಯುವುದಿಲ್ಲ ಎಂದು ಹೆದರಿದವರು ಪರೀಕ್ಷೆಗೇ ಬರುವುದಿಲ್ಲ. ಎಚ್‌ಐವಿಗೆ ಮಾತ್ರೆ ಕೊಡುವ ತಮ್ಮ ಜಿಲ್ಲೆಯ ಎಆರ್‌ಟಿ ಕೇಂದ್ರ ಬಿಟ್ಟು, ಪರಿಚಯದವರು ಯಾರೂ ಎದುರಾಗದ ಪಕ್ಕದ ಜಿಲ್ಲೆಗೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುವವರು ಇದ್ದಾರೆ. ಬಸ್ಸಿಗೆ ದುಡ್ಡಿಲ್ಲದ ತಿಂಗಳು ಮಾತ್ರೆ ತಪ್ಪುತ್ತದೆ.

ಇನ್ನು ಅದೇ ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಗುಟ್ಟಿನ ಕಥೆ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರ ಎಂದು ಆಗಿನ ಆರೋಗ್ಯ ಸಚಿವರು ಹೇಳಿದರು. ಹೈಕೋರ್ಟು ನೇಮಿಸಿದ ಸಮಿತಿ ಆ ಲೆಕ್ಕವನ್ನು ಒಪ್ಪಲಿಲ್ಲ, ಆಕ್ಸಿಜನ್ ಕೊರತೆಯತ್ತಲೇ ಬೆರಳು ತೋರಿಸಿತು. ಮನೆಮನೆಯ ವಿಳಾಸವನ್ನು ಜಗತ್ತಿಗೆ ತೋರಿಸಲು ಹಿಂಜರಿಯದ ವ್ಯವಸ್ಥೆಗೆ, ಒಂದು ರಾತ್ರಿ ಎಷ್ಟು ಸಿಲಿಂಡರ್ ಇದ್ದವು ಎಂಬ ಲೆಕ್ಕವನ್ನು ತಾನಾಗಿ ಹೇಳಲು ಆಗಲಿಲ್ಲ. ಕೋರ್ಟೇ ಕೇಳಬೇಕಾಯಿತು.

ಆದರೆ ಎಲ್ಲ ಮುಚ್ಚುಮರೆಯೂ ಸುಳ್ಳಿನಿಂದಲೇ ಹುಟ್ಟುವುದಿಲ್ಲ. ಯಾರೂ ಒಂದೇ ಒಂದು ಸುಳ್ಳು ಹೇಳದೆಯೂ ಜೀವ ಹೋಗುವ ಸುದ್ದಿ ಕಡತದಲ್ಲೇ ಉಳಿದುಬಿಡಬಹುದು. ಅದು ಅರ್ಥವಾಗಲು ಬಳ್ಳಾರಿಗೆ ಹೋಗಬೇಕು.

2024ರ ನವೆಂಬರ್ ಎರಡನೇ ವಾರ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಹದಗೆಟ್ಟರು. ಕಿಡ್ನಿ ಕೈಕೊಟ್ಟಿತು, ಬಳಿಕ ಉಳಿದ ಅಂಗಗಳು. ಐವರು ಉಳಿಯಲಿಲ್ಲ. ಅನುಮಾನ ಬಿದ್ದಿದ್ದು ರಿಂಗರ್ಸ್ ಲ್ಯಾಕ್ಟೇಟ್ ಮೇಲೆ. ನರ್ಸುಗಳು ಅದನ್ನು ಆರ್‌ಎಲ್ ಎನ್ನುತ್ತಾರೆ, ರೋಗಿಯ ಮನೆಯವರಿಗೆ ಎಲ್ಲ ಡ್ರಿಪ್ಪೂ ಗ್ಲೂಕೋಸೇ. ನಿಜಕ್ಕೂ ಅದು ಉಪ್ಪು, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಬೆರೆಸಿದ ಶುದ್ಧ ನೀರು. ಆಪರೇಷನ್ ಟೇಬಲ್ಲಿನ ಮೇಲೆ ಬಿಪಿ ಇಳಿಯದಿರಲಿ ಎಂದು ಏರಿಸುವಂಥದ್ದು. ಇಡೀ ಆಸ್ಪತ್ರೆಯಲ್ಲಿ ಅದಕ್ಕಿಂತ ಮಾಮೂಲಿ ವಸ್ತು ಸಿಗಲಿಕ್ಕಿಲ್ಲ. ಆದರೆ ನೇರ ರಕ್ತಕ್ಕೆ ಹೋಗುವ ದ್ರವವಾದ್ದರಿಂದ ಅದರಲ್ಲಿ ಕ್ರಿಮಿ ಮಾತ್ರವಲ್ಲ, ಸತ್ತ ಕ್ರಿಮಿ ಬಿಟ್ಟುಹೋದ ವಿಷವೂ ಇರಕೂಡದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆ ವಿಷ ಹೋಗುವುದಿಲ್ಲ. ನೋಡಿದರೆ ಬಾಟಲಿ ತಿಳಿಯಾಗಿಯೇ ಇರುತ್ತದೆ.

ಪಶ್ಚಿಮ ಬಂಗಾಳದ ಒಂದು ಕಂಪನಿ ತಯಾರಿಸಿದ ಆ ದ್ರವದ ಕೆಲವು ಬ್ಯಾಚುಗಳು ಅದಕ್ಕೂ ಮುಂಚೆಯೇ ನಮ್ಮ ರಾಜ್ಯದ ಔಷಧ ಪ್ರಯೋಗಾಲಯದಲ್ಲಿ ಫೇಲಾಗಿದ್ದವು. ಹಾಗಿದ್ದೂ ಆ ಕಂಪನಿಯ ದ್ರವ ವಾರ್ಡಿಗೆ ಬಂದಿದ್ದು ಹೇಗೆ?

ದಾರಿ ಹೀಗಿದೆ. ಔಷಧ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಮಾದರಿ ತೆಗೆದು ಪರೀಕ್ಷೆಗೆ ಕಳಿಸುವುದು ಔಷಧ ನಿಯಂತ್ರಣ ಇಲಾಖೆಯ ಇನ್‌ಸ್ಪೆಕ್ಟರು. ಕ್ರಿಮಿ ಇದೆಯೇ ಇಲ್ಲವೇ ಎಂದು ನೋಡಲು ಮಾದರಿಯನ್ನು ಕನಿಷ್ಠ 14 ದಿನ ಬೆಚ್ಚಗೆ ಇಟ್ಟು ಕಾಯಬೇಕು. ಇದರಲ್ಲಿ ಆತುರ ನಡೆಯುವುದಿಲ್ಲ. ಫೇಲಾದರೆ ಅದಕ್ಕೆ "ನಾಟ್ ಆಫ್ ಸ್ಟ್ಯಾಂಡರ್ಡ್ ಕ್ವಾಲಿಟಿ", ಅಂದರೆ ಗುಣಮಟ್ಟ ಸಾಲದು, ಎಂಬ ಮುದ್ರೆ ಬೀಳುತ್ತದೆ, ಇಲಾಖೆಯವರ ಬಾಯಲ್ಲಿ ಎನ್‌ಎಸ್‌ಕ್ಯೂ. ವರದಿ ಕೈಸೇರಿದ 28 ದಿನದೊಳಗೆ ತಕರಾರು ತೆಗೆಯುವ ಹಕ್ಕು ಕಂಪನಿಗೆ ಇದೆ. ಆಗ ಕೋರ್ಟಿನ ಮೂಲಕ ಮಾದರಿ ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗುತ್ತದೆ. ಔಷಧ ಮತ್ತು ಪ್ರಸಾಧನ ಕಾಯ್ದೆಯ 25ನೇ ಕಲಮಿನ ಪ್ರಕಾರ ಕೋಲ್ಕತ್ತದ ಮಾತೇ ಕೊನೆಯ ಮಾತು. ಈ ಕಂಪನಿಯ ಕೆಲವು ಬ್ಯಾಚ್ ಅಲ್ಲಿ ಪಾಸಾದವು. ಕಾಗದದ ಲೆಕ್ಕದಲ್ಲಿ ದ್ರವ ಶುದ್ಧವಾಯಿತು, ಉಗ್ರಾಣದ ಬಾಗಿಲು ತೆರೆಯಿತು.

ಈ ಸರಪಳಿಯಲ್ಲಿ ಯಾರೂ ಏನನ್ನೂ ಬೇಕೆಂದೇ ಬಚ್ಚಿಟ್ಟಿರಬೇಕಾಗಿಲ್ಲ. ಇನ್‌ಸ್ಪೆಕ್ಟರಿಗೆ ಗೊತ್ತಿತ್ತು, ನಿಗಮಕ್ಕೆ ಗೊತ್ತಿತ್ತು, ಎರಡು ಪ್ರಯೋಗಾಲಯಗಳಿಗೆ ಗೊತ್ತಿತ್ತು. ಮಧ್ಯರಾತ್ರಿ ಆಪರೇಷನ್ ಥಿಯೇಟರಿನಲ್ಲಿ ಬಾಟಲಿಯ ಮುಚ್ಚಳ ತಿರುಚುವ ನರ್ಸಮ್ಮನಿಗೆ, ಈ ಕಂಪನಿಯ ಮಾಲಿನ ಬಗ್ಗೆ ರಾಜ್ಯದ ಲ್ಯಾಬು ಒಂದು ಹೇಳಿದೆ, ಕೋಲ್ಕತ್ತ ಇನ್ನೊಂದು ಹೇಳಿದೆ ಎಂದು ತಿಳಿಸುವ ದಾರಿ ಇತ್ತೇ? ಫೇಲಾದ ಬ್ಯಾಚುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುವ ಪದ್ಧತಿಯೇನೋ ಇದೆ. ವಾರ್ಡಿನಲ್ಲಿ ಕುಳಿತು ಆ ಪಟ್ಟಿಗೂ ಬಾಟಲಿಯ ಲೇಬಲ್ಲಿಗೂ ತಾಳೆ ಹಾಕುವವರು ಯಾರು? ಪ್ರಕಟಿಸುವುದು ಬೇರೆ, ಬೇಕಾದವರಿಗೆ ಮುಟ್ಟಿಸುವುದು ಬೇರೆ. ನನ್ನನ್ನು ಕೇಳಿದರೆ ಬೀಗ ಹಾಕಿದ ಬೀರುವಿಗಿಂತ ಯಾರೂ ಓದದ ಪಿಡಿಎಫ್ ಹೆಚ್ಚು ಅಪಾಯ. ಬೀರುವಿಗಾದರೂ ಬೀಗ ಹಾಕಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಬಳ್ಳಾರಿಯ ಸಾವುಗಳ ನಂತರ ಆದ ಒಂದು ಒಳ್ಳೆಯ ಕೆಲಸವನ್ನು ಹೇಳದಿದ್ದರೆ ತಪ್ಪಾದೀತು. ಆ ಕಂಪನಿಯ ಮಾಲನ್ನು ರಾಜ್ಯವಿಡೀ ತಡೆಹಿಡಿದರು, ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು, ಅವೆಲ್ಲ ಮಾಮೂಲು. ಮಾಮೂಲಲ್ಲದ್ದು ಬೇರೆ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಂದಿರ ಸಾವನ್ನು ಒಂದೊಂದಾಗಿ ಆಡಿಟ್ ಮಾಡಿಸಿ, ಅದರ ಸಾರವನ್ನು ಆರೋಗ್ಯ ಸಚಿವರೇ ಪತ್ರಕರ್ತರ ಮುಂದಿಟ್ಟರು. ನೂರಕ್ಕೆ 70ಕ್ಕೂ ಹೆಚ್ಚು ಸಾವು ತಪ್ಪಿಸಬಹುದಾಗಿತ್ತು ಎಂದಿತು ಆ ವರದಿ. 18 ಸಾವನ್ನು ಆರ್‌ಎಲ್ ದ್ರವಕ್ಕೆ ತಳುಕುಹಾಕಿತು. ಒಂದು ಸರ್ಕಾರ ತನ್ನ ಆಸ್ಪತ್ರೆಗಳ ಬಗ್ಗೆ ತಾನೇ ಹೀಗೆ ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಹದಿನೆಂಟರ ಮಾತು ಹೊರಬರಲು ಮೊದಲು ಐವರು ಒಂದೇ ಕಡೆ, ಒಂದೇ ವಾರದ ಹೆರಿಗೆಗಳಲ್ಲಿ ಸಾಯಬೇಕಾಯಿತು. ಬೇರೆಬೇರೆ ಜಿಲ್ಲೆಯಲ್ಲಿ ಒಬ್ಬೊಬ್ಬರಾಗಿ ಸತ್ತಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಆಡಿಟ್ ಎಂಬುದರ ಒಳಗೇ ಮೂರನೆಯ ಬಗೆಯ ಒಂದು ಗುಟ್ಟಿದೆ. ವಿಷಯ ತೊಡಕಾಗುವುದು ಇಲ್ಲೇ, ಯಾಕೆಂದರೆ ಈ ಗುಟ್ಟು ಬೇಕು.

ಬಸುರಿ ಅಥವಾ ಬಾಣಂತಿ ಸತ್ತರೆ 24 ಗಂಟೆಯೊಳಗೆ ವರದಿಯಾಗಬೇಕು. ಆಸ್ಪತ್ರೆಯಲ್ಲಾದರೆ ಡ್ಯೂಟಿ ಡಾಕ್ಟರು ನಮೂನೆ ತುಂಬುತ್ತಾರೆ. ಜತೆಗೆ ಆರೋಗ್ಯ ಸಿಬ್ಬಂದಿ ಮನೆಗೆ ಹೋಗಿ ಅತ್ತೆ, ಗಂಡ, ತಾಯಿ ಹೀಗೆ ಜತೆಗಿದ್ದವರನ್ನು ಕೂರಿಸಿಕೊಂಡು ನಡೆದದ್ದೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಜಿಲ್ಲಾ ಮಟ್ಟದ ಸಮಿತಿ ಅದನ್ನು ನೋಡುತ್ತದೆ. ಜಿಲ್ಲಾಧಿಕಾರಿಯ ಎದುರಿನ ಸಭೆಗೆ ಸತ್ತವಳ ಮನೆಯವರನ್ನೂ ಕರೆಯಬೇಕೆಂದು ನಿಯಮವಿದೆ. ಹುಡುಕುವುದು ಮೂರು ವಿಳಂಬಗಳನ್ನು: ಆಸ್ಪತ್ರೆಗೆ ಹೋಗಬೇಕು ಎಂದು ನಿರ್ಧರಿಸಲು ಆದ ತಡ, ತಲುಪಲು ಆದ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗಲು ಆದ ತಡ. ಮೊದಲ ಎರಡರಲ್ಲಿ ಆಸ್ಪತ್ರೆಯ ತಪ್ಪಿಲ್ಲ, ಮೂರನೆಯದರಲ್ಲಿ ಇದೆ. ಹಾಗಾಗಿ "ಮನೆಯವರು ತಡವಾಗಿ ಕರೆತಂದರು" ಎಂದು ಬರೆಯುವುದಕ್ಕೆ ಪೆನ್ನು ಸಲೀಸಾಗಿ ಓಡುತ್ತದೆ. "ಅರಿವಳಿಕೆ ಡಾಕ್ಟರು ಊರಲ್ಲಿರಲಿಲ್ಲ, ರಕ್ತ ಬರಲು ಮೂರು ತಾಸಾಯಿತು" ಎಂದು ಬರೆಯುವಾಗ ತಡೆಯುತ್ತದೆ. ಹಾಗೆ ಬರೆದವರಿಗೆ ಮರುದಿನ ನೋಟಿಸು ಬರುವುದಾದರೆ ಯಾರು ಬರೆದಾರು?

ಹೀಗಾಗಿ ಪರಿಶೀಲನೆಯ ನಿಯಮದಲ್ಲೇ ಹೆಸರು ಬೇಡ, ದೂರುವುದು ಬೇಡ ಎಂದಿದೆ. ಒಳಗೆ ಆಡಿದ ಮಾತು ಶಿಕ್ಷೆಗೆ ಬಳಕೆಯಾಗಕೂಡದು. ಈ ಉಪಾಯ ಹೊಸದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾಯಂದಿರ ಸಾವಿನ ಗೋಪ್ಯ ವಿಚಾರಣೆ 1952ರಿಂದ ನಡೆದುಬಂದಿದೆ. ನಮ್ಮ ಪಕ್ಕದ ಕೇರಳದಲ್ಲಿ 2004ರಲ್ಲಿ ಸ್ತ್ರೀರೋಗ ತಜ್ಞರ ಒಕ್ಕೂಟವೇ ಮುಂದೆ ನಿಂತು ಶುರುಮಾಡಿತು. ಆಸ್ಪತ್ರೆ, ವೈದ್ಯ, ರೋಗಿ ಮೂವರ ಹೆಸರೂ ತೆಗೆದ ಕಡತವನ್ನು ತಜ್ಞರು ಓದುತ್ತಾರೆ, ಕಲಿತ ಪಾಠವನ್ನು ಪುಸ್ತಕ ಮಾಡಿ ಎಲ್ಲರಿಗೂ ಹಂಚುತ್ತಾರೆ. 2018–20ರ ಸರ್ಕಾರಿ ಸಮೀಕ್ಷೆಯಂತೆ ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69, ದೇಶದ ಸರಾಸರಿ 97. ಈ ಅಂತರವೆಲ್ಲ ಆಡಿಟ್ಟಿನಿಂದಲೇ ಬಂತು ಎಂದರೆ ಅದು ಅತಿರೇಕ. ಕೇರಳಕ್ಕೆ ಬೇರೆ ಅನುಕೂಲಗಳು ಬೇಕಾದಷ್ಟಿದ್ದವು. ಆದರೆ ಬಾಗಿಲು ಮುಚ್ಚಿ ನಿಜ ಮಾತಾಡುವುದು, ಆಮೇಲೆ ಬಾಗಿಲು ತೆರೆದು ಕಲಿತದ್ದನ್ನು ಹೇಳುವುದು, ಈ ಎರಡನ್ನೂ ಜತೆಯಲ್ಲಿ ಮಾಡಿದ ರಾಜ್ಯ ಅದು. ನಮ್ಮಲ್ಲಿ ಮೊದಲರ್ಧ ಬೇಗ ಹಿಡಿಸಿತು. 464ರ ವರದಿಯಂಥದ್ದು ಪ್ರತಿವರ್ಷ ಬರಬೇಕಲ್ಲವೇ, ಗಲಾಟೆ ಆಗಲಿ ಬಿಡಲಿ?

ಹೆದರಿಕೆಗೆ ಇನ್ನೊಂದು ಮುಖವಿದೆ: ರೆಫರ್. ಸರ್ಕಾರಿ ಆಸ್ಪತ್ರೆಯ ಒಳಹೊರಗು ಬಲ್ಲವರಿಗೆಲ್ಲ ಈ ಪದದ ಎರಡು ಅರ್ಥವೂ ಗೊತ್ತು. ಮೇಲಿನ ಆಸ್ಪತ್ರೆಯಲ್ಲಿ ಉಳಿಯಬಹುದು ಎಂದು ಕಳಿಸುವುದು ಒಂದು. ಇಲ್ಲಿ ಸಾಯದಿರಲಿ, ನಮ್ಮ ಲೆಕ್ಕಕ್ಕೆ ಬಾರದಿರಲಿ ಎಂದು ಆಂಬುಲೆನ್ಸ್ ಹತ್ತಿಸುವುದು ಇನ್ನೊಂದು. ಚೀಟಿಯಲ್ಲಿ ಬರೆಯುವ ಮಾತು ಎರಡಕ್ಕೂ ಒಂದೇ. ಸಾವಿನ ಸಂಖ್ಯೆಯನ್ನೇ ಹಿಡಿದು ಆಸ್ಪತ್ರೆಗೆ ಛೀಮಾರಿ ಹಾಕಿದರೆ ಸಂಖ್ಯೆ ಇಳಿಯುತ್ತದೆ, ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ ಆಂಬುಲೆನ್ಸ್ ಓಡಾಟ ಹೆಚ್ಚುತ್ತದೆ.

ಒಳಗಿನವರೇ ಬಾಯಿಬಿಟ್ಟರೆ? ಸರ್ಕಾರಿ ನೌಕರರ ನಡತೆ ನಿಯಮದಂತೆ ಅನುಮತಿಯಿಲ್ಲದೆ ಮಾಹಿತಿ ಹೊರಹಾಕುವುದು, ಸರ್ಕಾರವನ್ನು ಟೀಕಿಸುವುದು ತಪ್ಪು. ಅಂಥವರನ್ನು ಕಾಪಾಡಲೆಂದು ಸಂಸತ್ತು 2014ರಲ್ಲಿ ವಿಷಲ್ ಬ್ಲೋವರ್ ಕಾಯ್ದೆ ಮಾಡಿತು, ಜಾರಿಗೆ ತರಲಿಲ್ಲ. ಅದೇ 2014ರ ನವೆಂಬರಿನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಬೇರೊಂದು ಕಟ್ಟಳೆ ಜಾರಿಗೆ ಬಂತು: ಚಿಕಿತ್ಸೆಯಲ್ಲಿ ಎಡವಟ್ಟಾಗಿ ರೋಗಿಗೆ ಗಂಭೀರ ಹಾನಿಯಾದರೆ, ರೋಗಿ ಕೇಳದಿದ್ದರೂ ಆಸ್ಪತ್ರೆಯೇ ಕರೆದು ಹೇಳಬೇಕು, ಕ್ಷಮೆ ಕೇಳಬೇಕು, ಬರಹದಲ್ಲೂ ಕೊಡಬೇಕು. ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನಡೆದ ಅವ್ಯವಸ್ಥೆ ವಿಚಾರಣೆಯಲ್ಲಿ ಬಯಲಾದ ಮೇಲೆ ಬಂದ ಕಟ್ಟಳೆ ಅದು. ಅಲ್ಲಿಯೂ ಸುಮ್ಮನೆ ಸಿಕ್ಕಿದ್ದಲ್ಲ.

ನಮ್ಮ ಕೈಯಲ್ಲಿರುವ ಅಸ್ತ್ರವಾದ ಮಾಹಿತಿ ಹಕ್ಕಿಗೂ ಈಚೆಗೆ ಮೊಂಡು ಬಡಿದಿದೆ. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು ಎಂದು ಅದರ 8(1)(ಜೆ) ಕಲಮಿನಲ್ಲಿತ್ತು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಆ ಕಲಮನ್ನೇ ಕತ್ತರಿಸಿ "ವೈಯಕ್ತಿಕ ಮಾಹಿತಿ" ಎಂಬಷ್ಟಕ್ಕೆ ಇಳಿಸಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಡ್ಯೂಟಿಯಲ್ಲಿದ್ದ ಡಾಕ್ಟರ ಹೆಸರೂ ವೈಯಕ್ತಿಕ, ಹಾಜರಿ ಪುಸ್ತಕವೂ ವೈಯಕ್ತಿಕ ಎಂದು ಹಿಂಬರಹ ಕೊಡಲು ಇನ್ನು ಕಷ್ಟವಿಲ್ಲ. ರೋಗಿಯನ್ನು ಕಾಯಲೆಂದು ಹೊಲಿದ ಹೊದಿಕೆಯನ್ನು ಆಸ್ಪತ್ರೆ ತಾನೇ ಹೊದ್ದುಕೊಳ್ಳುವುದು ಅಂದರೆ ಇದು. ಸಾರ್ವಜನಿಕ ಹಿತದ ಮಾತು 8(2) ಕಲಮಿನಲ್ಲಿ ಇನ್ನೂ ಉಳಿದಿದೆ. ಅರ್ಜಿ ಬರೆಯುವಾಗ ಅದನ್ನು ಹೆಸರಿಸಿ. ಹೆಸರುಗಳನ್ನು ಕೇಳುವ ಬದಲು ಲೆಕ್ಕ ಕೇಳಿ: ಎಷ್ಟು ಹೆರಿಗೆ, ಎಷ್ಟು ಸಾವು, ಎಷ್ಟು ರೆಫರ್, ಯಾವ ಬ್ಯಾಚ್ ವಾಪಸ್ ಹೋಯಿತು. ಲೆಕ್ಕಕ್ಕೆ ಖಾಸಗಿತನ ಇರುವುದಿಲ್ಲ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಜೀವದ ಪ್ರಶ್ನೆಯಾದರೆ 48 ಗಂಟೆ.

ಸ್ವಂತದವರ ಕೇಸ್‌ ಶೀಟಿಗಾದರೆ ಇಷ್ಟೆಲ್ಲ ಸುತ್ತಬೇಕಾಗಿಲ್ಲ. 2002ರ ವೈದ್ಯಕೀಯ ನೀತಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ ಕೈಗಿಟ್ಟು "ಇದೇ ನಿಮ್ಮ ರೆಕಾರ್ಡು" ಎನ್ನುತ್ತಾರೆ, ಒಪ್ಪಬೇಡಿ. ಅದು ಸಾರಾಂಶ ಮಾತ್ರ. ಯಾವ ಹೊತ್ತಿಗೆ ಬಿಪಿ ಎಷ್ಟಿತ್ತು, ಯಾವ ಡ್ರಿಪ್ ಎಷ್ಟು ಗಂಟೆಗೆ ಏರಿತು, ಯಾರು ಬಂದು ನೋಡಿದರು ಎಂಬುದೆಲ್ಲ ಇರುವುದು ನರ್ಸುಗಳು ಬರೆದ ಹಾಳೆಗಳಲ್ಲಿ. ಅವನ್ನೂ ಸೇರಿಸಿ ಪೂರ್ತಿ ಕೇಸ್‌ ಶೀಟಿನ ನಕಲು ಬೇಕು ಎಂದು ಬರಹದಲ್ಲಿ ಕೇಳಿ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖಿನ ಜತೆ ಗಂಟೆಯನ್ನೂ ಹಾಕಿಸಿಕೊಳ್ಳಿ. 72 ಗಂಟೆ ಎಣಿಸುವುದು ಆ ಸೀಲಿನಿಂದ.